ಹಗರಿ ದಾಟಿದ ಮೇಲೆ

ಬಳ್ಳಾರಿಯಿಂದ ಆದೋನಿಗೆ ಹೊರಟ ಬಸ್ಸು ಹಗರಿ ಹೊಳೆ ದಾಟಿ ಇನ್ನೂ ವೇಗ ಹಿಡಿದಿರಲಿಲ್ಲ, ಪೊಲೀಸರು ಕೈ ಅಡ್ಡ ಹಾಕಿದರು. 2012ರ ಜೂನ್ 10, ಭಾನುವಾರ. ಇಬ್ಬರು ಕಾನ್‌ಸ್ಟೇಬಲ್‌ಗಳು ಹತ್ತಿ, ಹಿಂದಿನ ಸೀಟಿನಿಂದ ಶುರುಮಾಡಿ ಒಂದೊಂದೇ ಚೀಲ ಬಿಚ್ಚಿಸುತ್ತ ಬಂದರು. ನನ್ನ ಮಡಿಲಲ್ಲಿದ್ದ ಸ್ಟೀಲಿನ ಡಬ್ಬಿಯ ಮೇಲೆ ಅವರಿಗೆ ಗುಮಾನಿ. ತೆಗೆದು ತೋರಿಸಿದೆ. ಎಮ್ಮಿಗನೂರಿನ ದೊಡ್ಡಮ್ಮನಿಗೆಂದು ಅಮ್ಮ ಕಟ್ಟಿಕೊಟ್ಟ ಶೇಂಗಾ ಹೋಳಿಗೆ. ಅವರಲ್ಲೊಬ್ಬ ಕೆಳಗಿನದರವರೆಗೂ ಎತ್ತಿ ನೋಡಿ, ನೋಟಿನ ಕಟ್ಟು ಸಿಗದ್ದಕ್ಕೆ ಬೇಸರವೇನೂ ಪಡದೆ, 'ಎನ್ನಿಕಲು ಕದಾ ಸಾರ್' ಎಂದು ಮುಚ್ಚಳ ತಾನೇ ಹಾಕಿಕೊಟ್ಟ. ಪಕ್ಕದಲ್ಲಿದ್ದ ಮುದುಕ ಕನ್ನಡದಲ್ಲಿ ಗೊಣಗಿದ: 'ಹೋಳಿಗಿ ಕೊಟ್ಟು ಓಟು ತಗಳಾ ಕಾಲ ಯಾವಾಗೋ ಹೋತು.'

ಎಮ್ಮಿಗನೂರು ವಿಧಾನಸಭಾ ಕ್ಷೇತ್ರಕ್ಕೆ ಎರಡು ದಿನ ಬಿಟ್ಟು, ಮಂಗಳವಾರ, ಉಪಚುನಾವಣೆಯಿತ್ತು. ಬಳ್ಳಾರಿಯವರಾದ ನಮಗೆ ಎಮ್ಮಿಗನೂರು ಅಂದರೆ ಮೊದಲು ನೆನಪಾಗುವುದು ಕಂಪ್ಲಿ ಕಡೆಯ ಎಮ್ಮಿಗನೂರು. ಇದು ಬೇರೆ, ಕರ್ನೂಲು ಜಿಲ್ಲೆಯದು, ಆದೋನಿಯಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ಹೆಸರು ಎರಡೂ ಕಡೆ ಒಂದೇ ಆಗಿರುವುದು ಆಕಸ್ಮಿಕವಲ್ಲ. ಈ ಸೀಮೆಯ ಊರುಗಳ ಹೆಸರು ಕೂಗುತ್ತ ಹೋದರೆ ಎಲ್ಲಿ ಕರ್ನಾಟಕ ಮುಗಿಯಿತು ಎಂದು ಕಿವಿಗೆ ತಿಳಿಯುವುದಿಲ್ಲ. ಹಾಲಹರವಿ, ಮೊಳಗವಳ್ಳಿ, ಹೊಳಗುಂದಿ, ನೆರಣಿಕಿ, ಕೋಸಿಗಿ, ಚಿಪ್ಪಗಿರಿ. ಹರಿದಾಸರಲ್ಲಿ ದೊಡ್ಡವರಾದ ವಿಜಯದಾಸರು ಕಡೆಗಾಲ ಕಳೆದ ಊರು ಈ ಚಿಪ್ಪಗಿರಿಯೇ. ದಸರೆಯ ರಾತ್ರಿ ಬಡಿಗೆ ಹಿಡಿದು ಮಾಳಮಲ್ಲೇಶ್ವರನ ಉತ್ಸವಮೂರ್ತಿಗೆ ಸೆಣಸುವ ದೇವರಗಟ್ಟು ಇಲ್ಲೇ ಇದೆ. ಅಲ್ಲಿಗೆ ಎರಡೂ ರಾಜ್ಯದ ಭಕ್ತರು ಬರುತ್ತಾರೆ.

ನೆಲ ಕೂಡ ತಿಳಿಸುವುದಿಲ್ಲ. ಅದೇ ಎರೆ ಹೊಲ. ಮೊದಲ ಮಳೆ ಬಿದ್ದು ಒಂದೆರಡು ದಿನವಾಗಿರಬೇಕು, ಹತ್ತಿ ಬೀಜ ಊರುವವರು ಸಾಲಿನುದ್ದಕ್ಕೂ ಬಗ್ಗಿದ್ದರು. ಬದಲಾದದ್ದು ಮೈಲಿಗಲ್ಲಿನ ಅಕ್ಷರ ಮತ್ತು ಗೋಡೆಯ ಮೇಲಿನ ಮುಖಗಳು.

ಆದೋನಿ, ಆಲೂರು, ರಾಯದುರ್ಗ ಈ ಮೂರೂ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯ ತಾಲೂಕುಗಳಾಗಿದ್ದವು. 1953ರ ಮಾರ್ಚ್‌ನಲ್ಲಿ ನೆಹರು ಆಂಧ್ರ ರಾಜ್ಯದ ಗಡಿಯನ್ನು ಲೋಕಸಭೆಗೆ ತಿಳಿಸಿದಾಗ ಈ ಮೂರು ಆಂಧ್ರಕ್ಕೆ ಎಂದಾಯಿತು. ಬಳ್ಳಾರಿ ತಾಲೂಕೊಂದನ್ನು ತೂಗಿನೋಡಲು ನ್ಯಾಯಮೂರ್ತಿ ಮಿಶ್ರಾ ಅವರನ್ನು ನೇಮಿಸಿದರು, ಅವರ ವರದಿಯಿಂದ ಅದು ಮೈಸೂರಿಗೆ ಉಳಿಯಿತು. ಅಕ್ಟೋಬರ್ 1ರಂದು ಜಿಲ್ಲೆ ಎರಡಾಯಿತು. ಬಳ್ಳಾರಿ ಮೈಸೂರಿಗೆ ಸೇರುವ ಸಂಭ್ರಮದ ಪೆಂಡಾಲು ಕಾಯುತ್ತಿದ್ದ ರಂಜಾನ್ ಸಾಬ್ ಬಳ್ಳಾರಿಯಲ್ಲಿ ಬಾಂಬಿಗೆ ಬಲಿಯಾದ ಕಥೆಯನ್ನು ನಮ್ಮೂರಿನ ಹುಡುಗರು ಈಗಲೂ ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಾರೆ.

ಹೇಳದ ಒಂದು ಸಂಗತಿಯಿದೆ. 1952ರಲ್ಲಿ ಈ ತಾಲೂಕುಗಳ ಜನ ಮದ್ರಾಸಿನ ವಿಧಾನಸಭೆಗೆ ಶಾಸಕರನ್ನು ಆರಿಸಿ ಕಳಿಸಿದ್ದರು. ಜಿಲ್ಲೆ ಒಡೆದ ದಿನ ಬಳ್ಳಾರಿ ಕಡೆಯ ಶಾಸಕರು ಬೆಂಗಳೂರಿನ ಸಭೆಗೆ ಹೋದರು, ಆದೋನಿ-ಆಲೂರಿನವರು ಹೊಸ ರಾಜಧಾನಿ ಕರ್ನೂಲಿಗೆ ಹೋದರು. ಕಾಯ್ದೆಯಲ್ಲೇ ಹಾಗೆ ಬರೆದಿತ್ತು. ಶಾಸಕರು ಕುರ್ಚಿಯ ಸಮೇತ ಒಂದು ಸಭೆಯಿಂದ ಇನ್ನೊಂದಕ್ಕೆ ವರ್ಗವಾದರು. ಆರಿಸಿದವರನ್ನು ಮತ್ತೆ ಕೇಳುವ ಪ್ರಸಂಗ ಬರಲಿಲ್ಲ. ಆ ಕರ್ನೂಲಿನ ಸಭೆಯಾದರೂ ಎಂಥದ್ದು? 140 ಮಂದಿಯದು. ಮರುವರ್ಷ ನವೆಂಬರಿನಲ್ಲಿ ಪಾನನಿಷೇಧದ ಜಗಳದಲ್ಲಿ ಪ್ರಕಾಶಂ ಪಂತುಲು ಅವರ ಸರ್ಕಾರ ಒಂದೇ ಒಂದು ಮತದಿಂದ ಉರುಳಿತು. ಒಂದೊಂದು ಕುರ್ಚಿಗೂ ಅಷ್ಟು ಬೆಲೆಯಿದ್ದ ಕಾಲದಲ್ಲಿ ಬಳ್ಳಾರಿ ಜಿಲ್ಲೆಯ ಮೂರು ತಾಲೂಕಿನ ಕುರ್ಚಿಗಳು ಅಲ್ಲಿದ್ದವು.

ನಾಯಕರಿಗೆ ಕುರ್ಚಿ ಬೇಕಾದಾಗ ಕರ್ನೂಲು ಜಿಲ್ಲೆ ಯಾವತ್ತೂ ಧಾರಾಳಿ. 1991ರ ಜೂನ್‌ನಲ್ಲಿ ಪಿ.ವಿ. ನರಸಿಂಹರಾವ್ ಪ್ರಧಾನಿಯಾದಾಗ ಅವರು ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ. ಆರು ತಿಂಗಳಲ್ಲಿ ಗೆದ್ದು ಬರಬೇಕು. ಜಿಲ್ಲೆಯ ಪೂರ್ವದ ನಂದ್ಯಾಲದಲ್ಲಿ ಗಂಗುಲ ಪ್ರತಾಪರೆಡ್ಡಿ ಲೋಕಸಭಾ ಸ್ಥಾನ ತೆರವು ಮಾಡಿಕೊಟ್ಟರು. ತೆಲುಗಿನವನೊಬ್ಬ ಪ್ರಧಾನಿಯಾಗಿದ್ದಾನೆಂದು ಎನ್.ಟಿ. ರಾಮರಾವ್ ತಮ್ಮ ಪಕ್ಷದಿಂದ ಯಾರನ್ನೂ ನಿಲ್ಲಿಸಲಿಲ್ಲ. ಬಿಜೆಪಿಯ ಬಂಗಾರು ಲಕ್ಷ್ಮಣ್ ನಿಂತು ಸೋತರು. ಅಂತರ 5 ಲಕ್ಷ 80 ಸಾವಿರ ಮತಗಳು. ಗಿನ್ನೆಸ್ ಪುಸ್ತಕದಲ್ಲಿ ಬಂದಿತ್ತು ಎಂದು ಆದೋನಿಯ ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ.

ಆದೋನಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಬೆಟ್ಟಗಳ ಬುಡದಲ್ಲಿ ಹತ್ತಿಯ ಊರು. ಸುಗ್ಗಿಯಲ್ಲಿ ಬಂದರೆ ಮಾರುಕಟ್ಟೆ ಯಾರ್ಡಿನ ಸುತ್ತ ಬಂಡಿ, ಟ್ರ್ಯಾಕ್ಟರು, ಲಾರಿ ಸಾಲುಗಟ್ಟಿರುತ್ತವೆ. ಬೀದಿಯ ವಿದ್ಯುತ್ ತಂತಿಗೆಲ್ಲ ಅರಳೆ ಸಿಕ್ಕಿಕೊಂಡು ತೂಗುತ್ತದೆ. ಎರಡನೇ ಮುಂಬಯಿ ಎಂದು ಹಿಂದೆ ಈ ಊರಿಗೆ ಬಿರುದಿತ್ತು. ಜೂನ್‌ನಲ್ಲಿ ಆ ಗದ್ದಲವಿಲ್ಲ. ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿಯ ಮಿನಾರುಗಳನ್ನು ದೂರದಿಂದ ನೋಡಿ, ಹೋಟೆಲಿಗೆ ನುಗ್ಗಿದೆ. ಅವನ ಆಳ್ವಿಕೆಯಲ್ಲೇ ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮ ದತ್ತಿಯಾಗಿ ಬಂತು ಎಂಬ ಪ್ರತೀತಿ. ಆ ಮಂಚಾಲೆಯೇ ಮಂತ್ರಾಲಯ.

ಹೋಟೆಲಿನಲ್ಲಿ 'ಒಗ್ಗರಣಿ ಮಿರ್ಚಿ ಐತೇನಪ' ಎಂದು ಕೇಳಿದೆ. ಮಾಣಿ ಒಳಗೆ ಕೂಗಿ ಹೇಳಿದ್ದು 'ಉಗ್ಗಾನಿ ಬಜ್ಜಿ ಒಕಟಿ'. ಬಂದದ್ದು ಒಂದೇ: ನೆನೆಸಿ ಹಿಂಡಿದ ಮಂಡಕ್ಕಿ, ಅರಿಸಿನದ ಬಣ್ಣ, ಮೇಲೆ ಹುರಿಗಡಲೆ ಪುಡಿ, ಪಕ್ಕದಲ್ಲಿ ಬೆರಳುದ್ದದ ಮೆಣಸಿನಕಾಯಿ ಬಜ್ಜಿ. ನಮ್ಮ ಒಗ್ಗರಣೆ ಹಗರಿ ದಾಟಿ ಉಗ್ಗಾನಿಯಾಗಿದೆ ಎಂದು ನಾನು ನಂಬಿದ್ದೇನೆ. ಆದೋನಿಯವರು ಇದಕ್ಕೆ ಉಲ್ಟಾ ಹೇಳುತ್ತಾರೆ. ಮಿರ್ಚಿಯ ಖಾರದಲ್ಲಿ ಮಾತ್ರ ಅವರದೇ ಮೇಲುಗೈ, ಅದನ್ನು ಒಪ್ಪಬೇಕು.

ಟೀವಿಯಲ್ಲಿ ವಿಜಯಮ್ಮನವರ ಭಾಷಣ ಬರುತ್ತಿತ್ತು. ಕರೆಂಟು ಹೋಯಿತು. ಯಾರೋ 'ಫ್ಯಾನು ನಿಂತುಹೋಯ್ತು' ಎಂದರು, ಇಡೀ ಹೋಟೆಲು ನಕ್ಕಿತು. ಆ ನಗೆಯ ಅರ್ಥ ಹೊರಗಿನವರಿಗೆ ಬಿಡಿಸಿ ಹೇಳಬೇಕು. ಎಮ್ಮಿಗನೂರಿನ ಚೆನ್ನಕೇಶವರೆಡ್ಡಿ 2009ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ವೈ.ಎಸ್. ರಾಜಶೇಖರರೆಡ್ಡಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಮಗ ಜಗನ್ ಕಾಂಗ್ರೆಸ್ ಬಿಟ್ಟು ಹೊಸ ಪಕ್ಷ ಕಟ್ಟಿದರು, ಅದರ ಗುರುತು ಸೀಲಿಂಗ್ ಫ್ಯಾನು. 2011ರ ಡಿಸೆಂಬರಿನಲ್ಲಿ ಕಿರಣ್ ಕುಮಾರ್ ರೆಡ್ಡಿ ಸರ್ಕಾರದ ವಿರುದ್ಧ ಅವಿಶ್ವಾಸ ಮಂಡನೆಯಾದಾಗ ಜಗನ್ ಕಡೆಯ ಹದಿನಾರು ಮಂದಿ ಕಾಂಗ್ರೆಸ್ ಶಾಸಕರು, ಪ್ರಜಾರಾಜ್ಯಂನಿಂದ ಗೆದ್ದಿದ್ದ ಆಳ್ಳಗಡ್ಡದ ಶೋಭಾ ನಾಗಿರೆಡ್ಡಿ, ತಮ್ಮದೇ ಸರ್ಕಾರದ ವಿರುದ್ಧ ಕೈ ಎತ್ತಿದರು. ಸರ್ಕಾರ ಉಳಿಯಿತು, ಇವರ ಸದಸ್ಯತ್ವ ಹೋಯಿತು. ಚಿರಂಜೀವಿ ರಾಜ್ಯಸಭೆಗೆ ಹೋಗಿ ತಿರುಪತಿ ಖಾಲಿಯಾಗಿತ್ತು. ಒಟ್ಟು ಹದಿನೆಂಟು ವಿಧಾನಸಭಾ ಸ್ಥಾನ, ಜೊತೆಗೆ ನೆಲ್ಲೂರು ಲೋಕಸಭೆ. ಪ್ರಚಾರದ ನಡುವೆ, ಮೇ 27ರಂದು, ಸಿಬಿಐ ಜಗನ್ ಅವರನ್ನು ಬಂಧಿಸಿತು; ತಾಯಿ ವಿಜಯಮ್ಮ, ತಂಗಿ ಶರ್ಮಿಳಾ ಊರೂರು ಸುತ್ತತೊಡಗಿದರು. ಹೋಟೆಲಿನವರು ನಕ್ಕದ್ದು ಇಷ್ಟಕ್ಕೆ: ಕರೆಂಟು ಕೊಡಬೇಕಾದವರು ಕಾಂಗ್ರೆಸ್ಸಿನವರು, ಫ್ಯಾನು ತಿರುಗಬೇಕೆನ್ನುವವರು ಜಗನ್ ಕಡೆಯವರು.

ದೊಡ್ಡಮ್ಮನ ಮನೆ ತಲುಪಿದಾಗ ಸಂಜೆ ಐದು ದಾಟಿತ್ತು. ಪ್ರಚಾರದ ಗಡುವು ಮುಗಿದು ಮೈಕುಗಳು ಆಗಷ್ಟೇ ಬಾಯಿ ಮುಚ್ಚಿದ್ದವು. ಓಣಿಯ ತಿರುವಿನಲ್ಲಿ ಒಂದು ಆಟೋ ನಿಂತಿತ್ತು. ಅದರ ಮೇಲೆ ಬಿದಿರಿನ ಗಳ ನೆಟ್ಟು, ನಿಜವಾದ ಸೀಲಿಂಗ್ ಫ್ಯಾನನ್ನೇ ತೂಗುಹಾಕಿದ್ದರು. ಇಬ್ಬರು ಹುಡುಗರು ಅದನ್ನು ಬಿಚ್ಚುತ್ತಿದ್ದರು. ಗಾಳಿಗೆ ರೆಕ್ಕೆ ತನ್ನಷ್ಟಕ್ಕೆ ಎರಡು ಸುತ್ತು ತಿರುಗಿತು.

'ಏನಪ, ಎಲೆಕ್ಷನ್ ನೋಡಾಕ ಬಂದ್ಯಾ? ನಿಮ್ಮೂರಾಗ ಮೊನ್ನಿ ಆತಲ್ಲ, ಸಾಲಲಿಲ್ಲೇನು?' ದೊಡ್ಡಮ್ಮ ಬಾಗಿಲಲ್ಲೇ ಕೇಳಿದಳು. ಅವಳು ಹೇಳಿದ್ದು ಸರಿ. ಆರು ತಿಂಗಳ ಹಿಂದೆ, ನವೆಂಬರ್ 30ರಂದು, ಬಳ್ಳಾರಿ ಗ್ರಾಮೀಣ ಕ್ಷೇತ್ರದಲ್ಲಿ ಇದೇ ಆಟ ನಡೆದಿತ್ತು. ಬಿಜೆಪಿ ಬಿಟ್ಟು ರಾಜೀನಾಮೆ ಕೊಟ್ಟ ಶ್ರೀರಾಮುಲು ಪಕ್ಷೇತರರಾಗಿ ನಿಂತು ಅದೇ ಕ್ಷೇತ್ರದಲ್ಲಿ ಮತ್ತೆ ಗೆದ್ದಿದ್ದರು. ಎದ್ದು ಹೋದವನೇ ವಾಪಸ್ ಬಂದು ಕೂರುವುದಾದರೆ ಕುರ್ಚಿ ಖಾಲಿಯಾಗಿತ್ತೆಂದು ಹೇಗೆ ಹೇಳುವುದು ಎಂದು ಆಗ ನಾನು ಎಲ್ಲೋ ಬರೆದಿದ್ದೆ. ಜಾಣತನದ ಮಾತು ಎಂದು ಆಗ ಅನಿಸಿತ್ತು.

ಮನೆಯೊಳಗೆ ಮಗ್ಗ ಇನ್ನೂ ಇತ್ತು. ನೆಲ ಅಗೆದು ಕಾಲು ಇಳಿಬಿಡುವ ಕುಣಿಮಗ್ಗ. ದೊಡ್ಡಪ್ಪ ಕೂತು ಲಾಳಿ ಎಸೆಯುತ್ತಿದ್ದ. ಎಡಗೈ ಹಲಗೆ ಹಿಂದೆ ತಳ್ಳುತ್ತದೆ, ಬಲಗೈ ಹಗ್ಗ ಎಳೆಯುತ್ತದೆ, ಲಾಳಿ ಆಚೆ ಪೆಟ್ಟಿಗೆಗೆ ಹೋಗಿ ಬಡಿಯುತ್ತದೆ, ಕಾಲು ಒಂದು ಹಲಗೆ ಬಿಟ್ಟು ಇನ್ನೊಂದನ್ನು ಒತ್ತುತ್ತದೆ. ಕಂಡಿಕೆಯ ನೂಲು ತೀರಿದಾಗ ಸದ್ದು ಬೇರೆಯಾಗುತ್ತದಂತೆ, ಅವನು ನೋಡದೆಯೇ ನಿಲ್ಲಿಸುತ್ತಾನೆ. ಪಕ್ಕದಲ್ಲಿ ಕೂತ ದೊಡ್ಡಮ್ಮ ಹೊಸ ಕಂಡಿಕೆ ಕೊಡುತ್ತಾಳೆ. ಈ ಊರಿನ ನೇಕಾರರ ಸಹಕಾರ ಸಂಘವನ್ನು 1938ರಲ್ಲಿ ಕಟ್ಟಿದ ಮಾಚಾನಿ ಸೋಮಪ್ಪನವರ ಫೋಟೋ ಗೋಡೆಯ ಮೇಲಿತ್ತು. ಪದ್ಮ ಪ್ರಶಸ್ತಿಗಳು ಶುರುವಾದ 1954ರಲ್ಲೇ ಪದ್ಮಶ್ರೀ ಪಡೆದವರು. ಅವರ ಕಾಲದಲ್ಲಿ ಸಾವಿರಾರು ಮಗ್ಗ ಆಡಿದ ಊರಿದು. 'ಈಗ?' ಎಂದೆ. 'ಈಗ ಲಾಳಿ ಸದ್ದು ಕೇಳಾಕ ನಿನ್ನಂಥೋರು ಬರ್ತೀರಿ' ಎಂದ ದೊಡ್ಡಪ್ಪ.

ರಾತ್ರಿ ಓಣಿಯ ಕಟ್ಟೆಯ ಮೇಲೆ ಏಳೆಂಟು ಜನ ಸೇರಿದರು. ತೆಲುಗಿನಲ್ಲಿ ಶುರುವಾಗಿ, ನನ್ನನ್ನು ಕಂಡು ಕನ್ನಡಕ್ಕೆ ತಿರುಗಿ, ಜಗಳ ಜೋರಾದಾಗ ಮತ್ತೆ ತೆಲುಗಿಗೆ ಮರಳುವ ಮಾತು. ಸಾರಾಯಿ ಅಂಗಡಿಗೆ ಬೀಗ ಬಿದ್ದಿದ್ದರಿಂದ ಮಾತೇ ಅಮಲು. ನನ್ನ ಕುರ್ಚಿಯ ಜೋಕನ್ನು ಅಲ್ಲಿ ಬಿಟ್ಟೆ. ಯಾರೂ ನಗಲಿಲ್ಲ.

'ಸಾರ್, ಐದು ವರ್ಷಕ್ಕೊಂದ್ಸಲ ನಮ್ಮ ಓಣಿಗೆ ಬರೋರು ಈ ತಿಂಗಳು ದಿನಾ ಬಂದಾರ. ನಮ್ಮ ಮೋರಿ ಮ್ಯಾಲಿನ ಕಲ್ಲು ಮೊನ್ನಿ ಹಾಕಿದ್ದು. ಕುರ್ಚಿ ಆಗಾಗ ಖಾಲಿ ಆಗ್ತಿರ್ಬೇಕು ಅಂತೀನಿ ನಾನು.' ಸೈಕಲ್ ಗುರುತಿನ ತೆಲುಗುದೇಶಂ ಪಕ್ಷದ ಕಾರ್ಯಕರ್ತನೊಬ್ಬನ ಮಾತಿದು. ಇನ್ನೊಬ್ಬ ಒಪ್ಪಲಿಲ್ಲ: 'ಕಳಿಸಿದ್ದು ನಾವು, ತೆಗೆದಿದ್ದು ಹೈದರಾಬಾದು. ಅದಕ್ಕ ಮತ್ತ ಕಳಿಸ್ತೀವಿ.'

ಮೂಲೆಯಲ್ಲಿ ಕೂತಿದ್ದ ಹುಡುಗ ಅಷ್ಟು ಹೊತ್ತೂ ಸುಮ್ಮನಿದ್ದ. ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದವನು, ಬೋಯರ ಮನೆಯವನು. ಬಳ್ಳಾರಿಯವನೆಂದು ತಿಳಿದ ಮೇಲೆ ನನ್ನ ಹತ್ತಿರ ಸರಿದು ಕೂತ. 'ಅಣ್ಣಾ, ನಿಮ್ಮ ಶ್ರೀರಾಮುಲು ಗೆದ್ದದ್ದು ಎಸ್‌ಟಿ ಸೀಟಲ್ಲೇನ್ರಿ?' ಹೌದೆಂದೆ. 'ನಮ್ಮ ಅತ್ತೀ ಮಗ ಸಿರುಗುಪ್ಪದಾಗಿದ್ದಾನ. ಅವನೂ ಎಸ್‌ಟಿ. ನಾನು ಬಿಸಿ.' ಇಷ್ಟು ಹೇಳಿ ಮತ್ತೆ ಸುಮ್ಮನಾದ.

ಹಗರಿಯ ಆಚೆ ಈಚೆ ಬೇಡರು, ವಾಲ್ಮೀಕಿಗಳು, ನಾಯಕರು, ಬೋಯರು ಎಂದು ಕರೆಸಿಕೊಳ್ಳುವವರು ಹೆಣ್ಣು ಕೊಟ್ಟು ತರುವ ಒಂದೇ ಬಳಗ. ಕರ್ನಾಟಕದಲ್ಲಿ 1991ರಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಆಂಧ್ರದಲ್ಲಿ ಏಜೆನ್ಸಿ ಪ್ರದೇಶದ ವಾಲ್ಮೀಕಿಗಳಿಗೆ ಮಾತ್ರ ಆ ಪಟ್ಟಿ. ಕರ್ನೂಲು ಬಯಲಿನ ಬೋಯರು ಹಿಂದುಳಿದ ವರ್ಗ. 2008ರ ಕ್ಷೇತ್ರ ವಿಂಗಡಣೆಯಲ್ಲಿ ಬಳ್ಳಾರಿ ಲೋಕಸಭೆ, ಬಳ್ಳಾರಿ ಗ್ರಾಮೀಣ ಎರಡೂ ಎಸ್‌ಟಿ ಮೀಸಲಾದವು. ಆದೋನಿ, ಆಲೂರು, ಎಮ್ಮಿಗನೂರು, ಮಂತ್ರಾಲಯ ಎಲ್ಲ ಸಾಮಾನ್ಯ. ಹುದ್ದೆಯ ಅರ್ಜಿಯಲ್ಲಿ, ಕಾಲೇಜಿನ ಸೀಟಿನಲ್ಲಿ, ಚುನಾವಣೆಯ ನಾಮಪತ್ರದಲ್ಲಿ ಸೋದರತ್ತೆಯ ಮಗನಿಗೂ ಇವನಿಗೂ ನಡುವೆ ಅಡ್ಡ ನಿಂತದ್ದು 1953ರಲ್ಲಿ ಎಳೆದ ಗೆರೆ. ಸಿರುಗುಪ್ಪದಲ್ಲಿ ಹುಟ್ಟಿದ್ದರೆ ಸಾಕಿತ್ತು. ಹಾಗೆ ನೋಡಿದರೆ ಈ ಕಡೆಯ ಬೋಯರು ಸಾಮಾನ್ಯ ಕ್ಷೇತ್ರದಲ್ಲೇ ಗೆದ್ದು ತೋರಿಸಿದವರು. ಮುಂದೆ ಎರಡು ಸಲ ಆಲೂರಿನ ಶಾಸಕರಾಗಿ ಮಂತ್ರಿಯೂ ಆದ ಗುಮ್ಮನೂರು ಜಯರಾಂ ಅದೇ ಸಮುದಾಯದವರು. ಕಟ್ಟೆಯ ಮೇಲಿನ ಹುಡುಗನಿಗೆ ಬೇಕಿದ್ದದ್ದು ಟಿಕೆಟ್ ಅಲ್ಲ, ಒಂದು ಸರ್ಟಿಫಿಕೇಟು.

ಆ ತಿಂಗಳು ಅಲ್ಲಿ ಆದ ಯಾವ ಭಾಷಣದಲ್ಲೂ ಈ ಮಾತು ಬರಲಿಲ್ಲ ಎಂದು ಅವನು ಹೇಳಿದ. ಜಗನ್ ಬಂಧನ ಬಂತು, ಸಿಬಿಐ ಬಂತು, ದ್ರೋಹ ಬಂತು, ಕಣ್ಣೀರು ಬಂತು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಬಳ್ಳಾರಿ ಜಿಲ್ಲೆ ದಾಟಿ ಈ ಹೊಲಗಳಿಗೆ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಎಂಬುದು ಒಂದು ಸಾಲು ಬಂದಿತ್ತಂತೆ. ಗಡಿಯ ಊರುಗಳ ಕನ್ನಡ ಶಾಲೆಯ ಮಾತು ಎತ್ತಿದವರೇ ಇಲ್ಲ. ನನ್ನ ಜಾಣಮಾತು ಎಲ್ಲಿ ತಪ್ಪಿತ್ತೆಂದು ಆಗ ಹೊಳೆಯಿತು. ಕುರ್ಚಿ ಯಾರಿಂದ ತುಂಬಿತು ಎನ್ನುವುದಲ್ಲ ಕೇಳಬೇಕಾದ್ದು. ಅದು ಯಾವ ಜಗಳಕ್ಕೆ ಖಾಲಿಯಾಗುತ್ತದೆ ಎನ್ನುವುದು. ನೂಲಿನ ಬೆಲೆಗೆ, ಕಾಲುವೆಯ ನೀರಿಗೆ, ಜಾತಿಯ ಸರ್ಟಿಫಿಕೇಟಿಗೆ ರಾಜೀನಾಮೆ ಕೊಟ್ಟ ಶಾಸಕನನ್ನು ಈ ಸೀಮೆಯ ಎರಡೂ ಕಡೆ ನಾನು ಕಂಡಿಲ್ಲ. ಖಾಲಿಯಾದ ಆರು ತಿಂಗಳೊಳಗೆ ಉಪಚುನಾವಣೆ ಮುಗಿಸಬೇಕೆಂದು 1996ರಲ್ಲಿ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಕಲಮು ಸೇರಿಸಿದರು, ಒಳ್ಳೆಯದೇ. ಖಾಲಿ ಮಾಡಿದವನು ಯಾಕೆ ಖಾಲಿ ಮಾಡಿದೆ ಎಂದು ಮತದಾರನಿಗೆ ಲೆಕ್ಕ ಒಪ್ಪಿಸಬೇಕೆಂಬ ಕಲಮು ಎಲ್ಲೂ ಇಲ್ಲ.

ಮಂಗಳವಾರ ಬೆಳಿಗ್ಗೆ ದೊಡ್ಡಮ್ಮ ಹಬ್ಬದ ಸೀರೆ ಉಟ್ಟು ಏಳಕ್ಕೇ ಹೊರಟಳು. ನಾನು ಶಾಲೆಯ ಕಾಂಪೌಂಡಿನ ಹೊರಗೆ, ಬೇವಿನ ನೆರಳಲ್ಲಿ ನಿಂತೆ. ಹೆಂಗಸರ ಸಾಲು ಗಂಡಸರದಕ್ಕಿಂತ ಉದ್ದವಿತ್ತು. ಅರ್ಧ ಗಂಟೆ ಬಿಟ್ಟು ಬಂದು ಎಡಗೈ ಬೆರಳು ತೋರಿಸಿದಳು. ಉಗುರಿನ ಬುಡದಿಂದ ಚರ್ಮಕ್ಕೆ ಇಳಿದ ಗೆರೆ, ಆಗಿನ್ನೂ ನೇರಳೆ, ಸಂಜೆಗೆ ಕಪ್ಪಾಯಿತು. 'ಈ ಶಾಯಿ ಮೈಸೂರಾಗ ಮಾಡ್ತಾರ, ಗೊತ್ತೇನು' ಎಂದೆ. ಮೈಸೂರಿನ ಮೈಲ್ಯಾಕ್ ಕಾರ್ಖಾನೆಯಿಂದಲೇ ದೇಶಕ್ಕೆಲ್ಲ ಹೋಗುವುದು. 'ಹಂಗಾರ ನಮ್ಮದೇ' ಎಂದಳು. ಆಂಧ್ರದಲ್ಲಿ ಹುಟ್ಟಿದ ಮಕ್ಕಳನ್ನು ಸಾಕಿ ಬೆಳೆಸಿ ಮದುವೆ ಮಾಡಿದ ಮೇಲೂ ಅವಳಿಗೆ ಮೈಸೂರು 'ನಮ್ಮದು'. ಯಾರಿಗೆ ಓಟು ಹಾಕಿದಳೆಂದು ದೊಡ್ಡಪ್ಪನಿಗೂ ಹೇಳಲಿಲ್ಲ.

ಶುಕ್ರವಾರ ಫಲಿತಾಂಶ ಬಂದಾಗ ನಾನು ಬಳ್ಳಾರಿಯಲ್ಲಿದ್ದೆ. ಹದಿನೆಂಟರಲ್ಲಿ ಹದಿನೈದು ಜಗನ್ ಪಕ್ಷಕ್ಕೆ, ನೆಲ್ಲೂರು ಕೂಡ. ಎರಡು ಕಾಂಗ್ರೆಸ್ಸಿಗೆ, ತೆಲಂಗಾಣದ ಪರಕಾಲ ಮಾತ್ರ ಟಿಆರ್‌ಎಸ್‌ಗೆ. ಎಮ್ಮಿಗನೂರಿನಲ್ಲಿ ಚೆನ್ನಕೇಶವರೆಡ್ಡಿ ಗೆದ್ದರು. ಕರೆಂಟು ಇದ್ದೂ ಇಲ್ಲದ ಬೇಸಗೆಯಲ್ಲಿ ಫ್ಯಾನು ತಿರುಗಿತು. ಎರಡು ವರ್ಷ ತುಂಬುವ ಮೊದಲೇ ಸಾರ್ವತ್ರಿಕ ಚುನಾವಣೆ ಬಂದು, ಅದೇ ಕ್ಷೇತ್ರದಲ್ಲಿ ತೆಲುಗುದೇಶಂನ ಜಯನಾಗೇಶ್ವರರೆಡ್ಡಿ ಗೆದ್ದರು. 2019ರಲ್ಲಿ ಮತ್ತೆ ಚೆನ್ನಕೇಶವರೆಡ್ಡಿ, 2024ರಲ್ಲಿ ಮತ್ತೆ ಜಯನಾಗೇಶ್ವರರೆಡ್ಡಿ. ಲಾಳಿ ಆಚೆ ಪೆಟ್ಟಿಗೆಯಿಂದ ಈಚೆ ಪೆಟ್ಟಿಗೆಗೆ.

ನಮ್ಮ ಕಡೆಯೂ ಅಷ್ಟೇ. 2014ರಲ್ಲಿ ಬಳ್ಳಾರಿ ಗ್ರಾಮೀಣಕ್ಕೆ ಮತ್ತೊಂದು ಉಪಚುನಾವಣೆ, 2018ರಲ್ಲಿ ಬಳ್ಳಾರಿ ಲೋಕಸಭೆಗೆ, 2019ರ ಡಿಸೆಂಬರಿನಲ್ಲಿ ಹೊಸಪೇಟೆಯ ವಿಜಯನಗರಕ್ಕೆ, 2024ರಲ್ಲಿ ಸಂಡೂರಿಗೆ. ವಿಜಯನಗರದ್ದು ಆ ಹದಿನೇಳು ಅನರ್ಹ ಶಾಸಕರ ಪ್ರಕರಣ: ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದೆಂದು ಸ್ಪೀಕರ್ ಹೇಳಿದರು, ಸುಪ್ರೀಂ ಕೋರ್ಟು ಅನರ್ಹತೆ ಸರಿ, ನಿಲ್ಲಬಹುದು ಎಂದಿತು. ನನಗೆ ಸ್ಪೀಕರ್ ಮಾತೇ ನ್ಯಾಯವೆನಿಸುತ್ತದೆ. ಎಮ್ಮಿಗನೂರಿನ ಕಟ್ಟೆಯವರು ಒಪ್ಪಲಿಕ್ಕಿಲ್ಲ.

ಕಳೆದ ಸಲ ಆ ದಾರಿಯಲ್ಲಿ ಹೋದಾಗ ರಸ್ತೆ ರಾಷ್ಟ್ರೀಯ ಹೆದ್ದಾರಿ 167 ಆಗಿತ್ತು. ಹಗರಿಯಲ್ಲಿ ಕರ್ನಾಟಕ ಬಿಟ್ಟು ಆಲೂರು, ಆದೋನಿ, ಎಮ್ಮಿಗನೂರು, ಮಂತ್ರಾಲಯ ಮುಟ್ಟಿ, ತುಂಗಭದ್ರೆ ದಾಟಿ ರಾಯಚೂರಿನಲ್ಲಿ ಮತ್ತೆ ಕರ್ನಾಟಕ ಸೇರುತ್ತದೆ. ದೊಡ್ಡಪ್ಪ ಇಲ್ಲ, ಕುಣಿಮಗ್ಗದ ಕುಣಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿಸಿದ್ದಾರೆ. ಕಟ್ಟೆಯ ಹುಡುಗ ಆದೋನಿಯ ಜಿನ್ನಿಂಗ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ವಯಸ್ಸು ಮೀರಿತು, ಇನ್ನು ಸರ್ಟಿಫಿಕೇಟು ತನಗೆ ಬೇಡ, ಮಗಳಿಗೆ ಸಿಕ್ಕರೆ ಸಾಕು ಎಂದ. ಬೋಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರ ವಿಧಾನಸಭೆ 2017ರಲ್ಲಿ ತೆಲುಗುದೇಶಂ ಕಾಲದಲ್ಲೊಮ್ಮೆ, 2023ರಲ್ಲಿ ಜಗನ್ ಕಾಲದಲ್ಲೊಮ್ಮೆ ನಿರ್ಣಯ ಮಾಡಿ ದೆಹಲಿಗೆ ಕಳಿಸಿತು. ಮಗಳು ಈಗ ಮೂರನೇ ಇಯತ್ತೆ. ಶಾಲೆಯ ದಾಖಲೆಯಲ್ಲಿ ಅವಳ ಹೆಸರಿನ ಮುಂದೆಯೂ ಬಿಸಿ ಎಂದೇ ಇದೆ.